ಕಿವಿಗೆ ಸಿಕ್ಕ ಗಮನ ಕಣ್ಣಿಗೆ ಯಾಕೆ ಸಿಗಲಿಲ್ಲ?

ನಮ್ಮ ಸಿನಿಮಾಗಳಲ್ಲಿ ಒಬ್ಬನಿಗೆ ತಲೆ ಕೆಡಲು ಶುರುವಾಯಿತು ಅಂತ ತೋರಿಸಬೇಕಾದರೆ ಏನು ಮಾಡ್ತಾರೆ ಹೇಳಿ? ಅವನ ಕಿವಿಗೆ ಯಾರೋ ಕರೆದ ಹಾಗೆ ಕೇಳಿಸುತ್ತೆ. ಪ್ರತಿಧ್ವನಿ ಹಾಕಿದ ದನಿ, ಜೊತೆಗೊಂದು ವಿಕಾರ ನಗು. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕುಸಿಯುತ್ತಾನೆ. ಸಿನಿಮಾದವರನ್ನು ಬೈದು ಪ್ರಯೋಜನ ಇಲ್ಲ ಬಿಡಿ. ಆಸ್ಪತ್ರೆಗೆ ಹೋದರೂ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು ಇದೇ: "ಯಾರೂ ಇಲ್ಲದಾಗ ಮಾತು ಕೇಳಿಸುತ್ತಾ?"

"ನಿನ್ನ ಕಣ್ಣಿಗೆ ಈ ಪ್ರಪಂಚ ಈಗ ಹೇಗೆ ಕಾಣ್ತಿದೆ?" ಅಂತ ಕೇಳುವವರು ಕಡಿಮೆ.

ವಾಸ್ತವದ ಜೊತೆಗಿನ ಹಿಡಿತ ಸಡಿಲವಾಗುವ ಮನಸ್ಸಿನ ಸ್ಥಿತಿಗೆ ಡಾಕ್ಟರುಗಳು ಸೈಕೋಸಿಸ್ ಅನ್ನುತ್ತಾರೆ. ಕನ್ನಡದಲ್ಲಿ ಚಿತ್ತವಿಕಲತೆ ಅಂತ ಬರೆಯೋದುಂಟು. ಸ್ಕಿಜೋಫ್ರೇನಿಯಾ ಅದರಲ್ಲಿ ಹೆಚ್ಚು ಹೆಸರಾದದ್ದು. ಇದು ಒಂದೇ ರಾತ್ರಿಯಲ್ಲಿ ಬರುವುದು ಅಪರೂಪ. ತಿಂಗಳುಗಳು, ಕೆಲವರಲ್ಲಿ ವರ್ಷಗಳ ಕಾಲ ಒಳಗೊಳಗೇ ಏನೋ ನಡೆಯುತ್ತಿರುತ್ತೆ. ಆ ದಿನಗಳಲ್ಲಿ ಬಹಳ ಜನಕ್ಕೆ ಕಣ್ಣಿನ ಮುಂದಿನ ಪ್ರಪಂಚ ಸ್ವಲ್ಪ ಸ್ವಲ್ಪವೇ ಬದಲಾಗುತ್ತೆ. ದೆವ್ವ ಪಿಶಾಚಿ ಕಾಣುವುದಲ್ಲ, ಸಣ್ಣ ಸಣ್ಣ ವಿಷಯಗಳು. ಬಣ್ಣಗಳು ಕಣ್ಣು ಕುಕ್ಕುವಷ್ಟು ಗಾಢವಾಗುತ್ತವೆ. ಗೋಡೆ ಹತ್ತಿರ ಬಂದ ಹಾಗಾಗುತ್ತೆ. ಎದುರು ಕೂತವರ ಮುಖದಲ್ಲಿ ಕಣ್ಣು, ಮೂಗು, ಬಾಯಿ ಬೇರೆ ಬೇರೆಯಾಗಿ ಕಾಣುತ್ತವೆ, ಎಲ್ಲ ಸೇರಿ ಒಂದು ಮುಖ ಆಗುವುದಿಲ್ಲ. ನಡೆಯುತ್ತಿರುವವನು ಫೋಟೋ ಮೇಲೆ ಫೋಟೋ ಇಟ್ಟ ಹಾಗೆ ತುಂಡು ತುಂಡಾಗಿ ಚಲಿಸುತ್ತಾನೆ.

ಇದೆಲ್ಲ ಪುಸ್ತಕಗಳಲ್ಲಿ ನೂರು ವರ್ಷದಿಂದ ಅಲ್ಲಲ್ಲಿ ಇದೆ. ಆದರೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲು ಯಾಕೆ ಇಷ್ಟು ಕಾಲ ಬೇಕಾಯಿತು ಅನ್ನೋದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ. ನಾನು ಡಾಕ್ಟರಲ್ಲ. ಹಳೇ ಪ್ರಬಂಧಗಳನ್ನು ಹುಡುಕಿ ಓದುವ ಚಟ ಇರುವವನು, ಅಷ್ಟೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಒಂದು ಲೋಟ ಕಾಫಿ ಜೊತೆಗಿಟ್ಟುಕೊಳ್ಳಿ.

*

1908ರಿಂದ ಶುರು ಮಾಡೋಣ. ಆ ವರ್ಷ ಎರಡು ಸಂಗತಿ ನಡೆದವು. ಒಂದು ಜಗತ್ಪ್ರಸಿದ್ಧ ಆಯಿತು, ಇನ್ನೊಂದು ಮೂಲೆಗೆ ಬಿತ್ತು.

ಪ್ರಸಿದ್ಧವಾದದ್ದು ಬರ್ಲಿನ್ನಿನಲ್ಲಿ. ಜ್ಯೂರಿಕ್‌ನ ಬುರ್ಗ್‌ಹೋಲ್ಟ್ಸ್ಲಿ ಆಸ್ಪತ್ರೆಯ ಮುಖ್ಯಸ್ಥ ಆಯ್ಗೆನ್ ಬ್ಲಾಯ್ಲರ್ ಅಲ್ಲಿ ಮಾಡಿದ ಭಾಷಣದಲ್ಲಿ 'ಸ್ಕಿಜೋಫ್ರೇನಿಯಾ' ಅನ್ನುವ ಪದವನ್ನು ಮುಂದಿಟ್ಟ. ಅಲ್ಲಿಯವರೆಗೆ ಎಮಿಲ್ ಕ್ರೇಪೆಲಿನ್ ಕೊಟ್ಟ 'ಡಿಮೆನ್ಷಿಯಾ ಪ್ರೀಕಾಕ್ಸ್' ಅನ್ನುವ ಹೆಸರು ಚಾಲ್ತಿಯಲ್ಲಿತ್ತು. 1911ರಲ್ಲಿ ಬ್ಲಾಯ್ಲರ್ ತನ್ನ ದೊಡ್ಡ ಪುಸ್ತಕ ಹೊರತಂದ. ಅವನ ಪ್ರಕಾರ ಈ ಕಾಯಿಲೆಯ ಮೂಲ ಇರುವುದು ಯೋಚನೆಗಳ ಕೊಂಡಿ ಕಳಚುವುದರಲ್ಲಿ, ಭಾವನೆಗಳ ಏರುಪೇರಿನಲ್ಲಿ. ಇಂದ್ರಿಯಗಳು ಗ್ರಹಿಸುವ ಕೆಲಸ, ನೆನಪು ಇಂಥ ಸರಳ ಕ್ರಿಯೆಗಳು ನೇರವಾಗಿ ಕೆಡುವುದಿಲ್ಲ ಅಂತ ಅವನ ತೀರ್ಮಾನ. ಇಲ್ಲದ ದನಿ ಕೇಳುವುದು, ಇಲ್ಲದ್ದು ಕಾಣುವುದು ಇವೆಲ್ಲ ಆಮೇಲೆ ಬಂದು ಸೇರಿಕೊಳ್ಳುವ ಉಪಲಕ್ಷಣಗಳು. ಬ್ಲಾಯ್ಲರ್ ಸಾಮಾನ್ಯ ಮನುಷ್ಯನಲ್ಲ. ರೋಗಿಗಳ ಜೊತೆಗೇ ಬದುಕಿದವನು, ಅವರ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡವನು. ಅಂಥವನೇ 'ನೋಟ ಸರಿಯಾಗಿದೆ' ಅಂದ ಮೇಲೆ ಮುಂದಿನ ಪೀಳಿಗೆಯವರು ಆ ಕಡೆ ಯಾಕೆ ನೋಡ್ತಾರೆ?

ಮೂಲೆಗೆ ಬಿದ್ದದ್ದು ಅಮೆರಿಕದ ಮಿಡಲ್‌ಟೌನ್ ಅನ್ನುವ ಸಣ್ಣ ಊರಿನಲ್ಲಿ. ಅಲ್ಲಿ ಒಂದು ಮಾನಸಿಕ ಆಸ್ಪತ್ರೆ, ಒಂದು ಕಾಲೇಜು. ಕಾಲೇಜಿನಲ್ಲಿ ರೇಮಂಡ್ ಡಾಜ್ ಅನ್ನುವ ಮನಃಶಾಸ್ತ್ರಜ್ಞ. ಕಣ್ಣುಗುಡ್ಡೆಯ ಮೇಲೆ ಬಿದ್ದ ಬೆಳಕಿನ ಪ್ರತಿಫಲನವನ್ನು ಚಲಿಸುವ ಫೋಟೋ ಪ್ಲೇಟಿನ ಮೇಲೆ ಹಿಡಿದು, ಕಣ್ಣು ಹೇಗೆ ಓಡಾಡುತ್ತೆ ಅಂತ ಅಳೆಯುವ ಉಪಕರಣ ಮಾಡಿದ್ದ. ಆಸ್ಪತ್ರೆಯಲ್ಲಿ ಅಲೆನ್ ಡೀಫೆನ್‌ಡಾರ್ಫ್ ಅನ್ನುವ ಡಾಕ್ಟರ್. ಕ್ರೇಪೆಲಿನ್‌ನ ಪಠ್ಯವನ್ನು ಇಂಗ್ಲಿಷಿಗೆ ತಂದವನು ಇವನೇ. ಇಬ್ಬರೂ ಸೇರಿ ರೋಗಿಗಳ ಮುಂದೆ ಒಂದು ಲೋಲಕವನ್ನು ತೂಗಾಡಿಸಿ, ಕಣ್ಣು ಅದನ್ನು ಹೇಗೆ ಹಿಂಬಾಲಿಸುತ್ತೆ ಅಂತ ಫೋಟೋ ತೆಗೆದರು. ಆರೋಗ್ಯವಂತರ ಕಣ್ಣು ನಿಧಾನವಾಗಿ ಜಾರುತ್ತಾ ಲೋಲಕದ ಜೊತೆಗೇ ಹೋಗುತ್ತೆ. ಡಿಮೆನ್ಷಿಯಾ ಪ್ರೀಕಾಕ್ಸ್ ಇದ್ದವರ ಕಣ್ಣು ಹಿಂದೆ ಬೀಳುತ್ತಿತ್ತು, ಆಮೇಲೆ ನೆಗೆದು ಹಿಡಿಯುತ್ತಿತ್ತು, ಮತ್ತೆ ಹಿಂದೆ ಬೀಳುತ್ತಿತ್ತು.

ಅಂದರೆ ಬ್ಲಾಯ್ಲರ್ ಹೊಸ ಹೆಸರು ಘೋಷಿಸಿದ ವರ್ಷವೇ ಆ ಕಾಯಿಲೆ ಕಣ್ಣಿನಲ್ಲೂ ಇದೆ ಅನ್ನುವುದಕ್ಕೆ ಫೋಟೋ ಸಾಕ್ಷಿ ಸಿಕ್ಕಿತ್ತು! ಹೆಚ್ಚು ಜನ ಗಮನ ಕೊಡಲಿಲ್ಲ. 1973ರಲ್ಲಿ ಷಿಕಾಗೋದ ಫಿಲಿಪ್ ಹೋಲ್ಜ್‌ಮನ್ ಮತ್ತು ಸಂಗಡಿಗರು ಇದೇ ಪ್ರಯೋಗವನ್ನು ಹೊಸ ಯಂತ್ರಗಳಲ್ಲಿ ಮಾಡಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ಇತ್ತ ತಿರುಗಿತು. ಮರುವರ್ಷ ಅವರು ರೋಗಿಗಳ ಅಪ್ಪ, ಅಮ್ಮ, ಒಡಹುಟ್ಟಿದವರನ್ನೂ ಪರೀಕ್ಷಿಸಿದರು. ಕಾಯಿಲೆ ಇಲ್ಲದ ಆ ಬಂಧುಗಳಲ್ಲೂ ಇದೇ ತಡವರಿಕೆ ಇತರರಿಗಿಂತ ಬಹಳ ಹೆಚ್ಚಾಗಿ ಕಂಡಿತು. ಅಪಾಯದ ಅಂಚಿನಲ್ಲಿ ಇರುವವರನ್ನು ಕಾಯಿಲೆ ಬರುವ ಮೊದಲೇ ಗುರುತಿಸಬಹುದೇ ಅನ್ನುವ ಆಸೆಗೆ ಇದೊಂದು ದೊಡ್ಡ ಇಂಬು. 1908ರಿಂದ 1973. ಅರವತ್ತೈದು ವರ್ಷ!

*

ನಡುವೆ ಸುಮ್ಮನೆ ಕೂತಿದ್ದರು ಅಂತಲ್ಲ. 1930ರಲ್ಲಿ ಫ್ರಾನ್ಸಿನ ಪಾಲ್ ಆಬೆಲಿ 'ಕನ್ನಡಿಯ ಲಕ್ಷಣ' ಅಂತ ಒಂದು ಪ್ರಬಂಧ ಬರೆದ. ಕಾಯಿಲೆ ಶುರುವಾಗುವ ಕಾಲದಲ್ಲಿ ಕೆಲವರು ಕನ್ನಡಿ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾರೆ, ತಮ್ಮ ಮುಖವನ್ನು ಪರೀಕ್ಷೆ ಮಾಡುತ್ತಲೇ ಇರುತ್ತಾರೆ ಅಂತ. ಹೊರಗಿನಿಂದ ನೋಡಿದವರಿಗೆ ಅದು ಶೋಕಿ. ಒಳಗೆ ಇರುವವನಿಗೆ, ಅಲ್ಲಿ ಕಾಣುತ್ತಿರುವುದು ನನ್ನ ಮುಖವೇ ಹೌದಾ ಅನ್ನುವ ದಿಗಿಲು.

ಆದರೆ ಅದೇ ದಶಕದಲ್ಲಿ ಜರ್ಮನಿಯ ಕರ್ಟ್ ಷ್ನೈಡರ್ ತಯಾರಿಸಿದ ಪಟ್ಟಿ ಉಳಿದೆಲ್ಲದರ ಮೇಲೆ ಮಣ್ಣು ಹಾಕಿತು ಅನ್ನಬಹುದು. ಸ್ಕಿಜೋಫ್ರೇನಿಯಾ ಗುರುತಿಸಲು ಅವನು ಕೊಟ್ಟ 'ಮೊದಲ ದರ್ಜೆಯ ಲಕ್ಷಣ'ಗಳಲ್ಲಿ ಮೇಲುಗೈ ಕಿವಿಯದ್ದೇ. ತನ್ನ ಯೋಚನೆ ತನಗೇ ಗಟ್ಟಿಯಾಗಿ ಕೇಳಿಸುವುದು, ಎರಡು ದನಿಗಳು ಇವನ ಬಗ್ಗೆ ವಾದ ಮಾಡುವುದು, ಇವನು ಮಾಡಿದ್ದಕ್ಕೆಲ್ಲ ಒಂದು ದನಿ ಟೀಕೆ ಹೇಳುವುದು... ಡಾಕ್ಟರಿಗೆ ಕೇಳಲು ಸುಲಭ, ಹೌದು ಅಥವಾ ಇಲ್ಲ ಅಂತ ಗುರುತು ಹಾಕಲು ಇನ್ನೂ ಸುಲಭ. 1980ರಲ್ಲಿ ಅಮೆರಿಕದ ಡಿಎಸ್‌ಎಂ ಕೈಪಿಡಿಯ ಮೂರನೇ ಆವೃತ್ತಿ ಬಂದಾಗ ಈ ದನಿಗಳಿಗೆ ವಿಶೇಷ ತೂಕ ಸಿಕ್ಕಿತು. ಲೆಕ್ಕ ನೋಡಿದರೆ ಕಣ್ಣಿನದ್ದು ಅಷ್ಟೇನೂ ಅಪರೂಪವಲ್ಲ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸ್ಕಿಜೋಫ್ರೇನಿಯಾ ಇರುವವರಲ್ಲಿ ಇಲ್ಲದ ದನಿ ಕೇಳುವವರು ಸರಾಸರಿ 59%, ಇಲ್ಲದ್ದು ಕಾಣುವವರು 27% ಅಂತ ಬಂತು. ಇದು ಇಲ್ಲದ್ದನ್ನು ಕಾಣುವವರ ಲೆಕ್ಕ ಮಾತ್ರ. ಇರುವುದೇ ಬೇರೆ ಥರ ಕಾಣುವುದು ಇದರಲ್ಲಿ ಸೇರಿಲ್ಲ.

ಕಣ್ಣಿನ ವಿಷಯದಲ್ಲಿ ಜನಪ್ರಿಯವಾದದ್ದು ಏನು ಗೊತ್ತಾ? ಬೆಕ್ಕಿನ ಚಿತ್ರಗಳು! ಮನಃಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ನೀವೂ ನೋಡಿರಬಹುದು. ಮೊದಲ ಚಿತ್ರದಲ್ಲಿ ಮುದ್ದಾದ ಬೆಕ್ಕು, ಮುಂದಿನದರಲ್ಲಿ ಅದರ ಕಣ್ಣು ಅಗಲ, ಆಮೇಲೆ ಮೈ ತುಂಬ ಕಿಡಿಗಳು, ಕೊನೆಗೆ ಬೆಕ್ಕೇ ಇಲ್ಲ, ಬರೀ ರಂಗೋಲಿಯಂಥ ವಿನ್ಯಾಸ. ಬರೆದವನು ಇಂಗ್ಲೆಂಡಿನ ಲೂಯಿ ವೇನ್ (1860-1939). ತನ್ನ ಕಾಲದಲ್ಲಿ ಬೆಕ್ಕಿನ ಚಿತ್ರಗಳಿಂದ ಮನೆಮಾತಾಗಿದ್ದವನು, 1924ರಲ್ಲಿ ಬಡವರ ವಾರ್ಡಿಗೆ ಸೇರಬೇಕಾಯಿತು. 'ಕಾಯಿಲೆ ಹೆಚ್ಚಾದಂತೆ ಅವನ ಕಣ್ಣಿಗೆ ಬೆಕ್ಕು ಹೀಗೆಲ್ಲ ಕಾಣುತ್ತಾ ಹೋಯಿತು' ಅನ್ನುವುದು ಕಥೆ.

ಕಥೆ ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ವಾಲ್ಟರ್ ಮ್ಯಾಕ್ಲೇ ಅನ್ನುವ ಮನೋವೈದ್ಯ 1939ರಲ್ಲಿ ಲಂಡನ್ನಿನ ಒಂದು ಅಂಗಡಿಯಲ್ಲಿ ಈ ಚಿತ್ರಗಳನ್ನು ಕೊಂಡುಕೊಂಡ. ಚಿತ್ರಗಳ ಮೇಲೆ ತಾರೀಖು ಇರಲಿಲ್ಲ. ಕಾಯಿಲೆ ಹೇಗೆ ಮುಂದುವರಿಯುತ್ತೆ ಅಂತ ತನಗೆ ಅನ್ನಿಸಿತೋ ಆ ಕ್ರಮದಲ್ಲಿ ಅವುಗಳನ್ನು ಜೋಡಿಸಿದ. ಆಸ್ಪತ್ರೆಯ ಕೊನೆಯ ವರ್ಷಗಳಲ್ಲೂ ವೇನ್ ಮಾಮೂಲಿ ಬೆಕ್ಕುಗಳನ್ನು ಬರೆಯುತ್ತಲೇ ಇದ್ದ. ಅವನ ಅಪ್ಪ ಬಟ್ಟೆ ವ್ಯಾಪಾರದವನು, ಅಮ್ಮ ಕಸೂತಿ ಕೆಲಸದವಳು. ಆ ವಿನ್ಯಾಸಗಳು ಮನೆಯ ಬಟ್ಟೆಗಳಿಂದಲೂ ಬಂದಿರಬಹುದು. ರೋಗಿಯ ಕಣ್ಣಿಗೆ ಏನು ಕಾಣುತ್ತೆ ಅನ್ನುವುದನ್ನು ರೋಗಿಯನ್ನು ಕೇಳದೆ ಡಾಕ್ಟರೇ ಊಹಿಸಿಕೊಂಡರೆ ಏನಾಗುತ್ತೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

*

ಕೇಳಿದವರೂ ಇದ್ದರು. ಇನ್ನು ಮುಂದೆ ಬರುವುದು ಅವರ ಕಥೆ.

1950ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಗರಿಟ್ ಸೆಷೆಯ್ 'ರೆನೆ' ಅನ್ನುವ ಹೆಸರಿನಲ್ಲಿ ಒಬ್ಬ ಹುಡುಗಿಯ ಆತ್ಮಕಥನವನ್ನು ಪ್ರಕಟಿಸಿದಳು. ಅದು ಶುರುವಾಗುವುದೇ ಕಣ್ಣಿನಿಂದ. ಐದು ವರ್ಷದ ರೆನೆ ಶಾಲೆಯ ಪಕ್ಕ ಹೋಗುವಾಗ ಆ ಕಟ್ಟಡ ವಿಪರೀತ ದೊಡ್ಡದಾಗುತ್ತೆ, ಪಕ್ಕದ ಗೋಧಿ ಹೊಲಕ್ಕೆ ಅಂಚೇ ಇಲ್ಲದಂತಾಗುತ್ತೆ, ಮಕ್ಕಳ ಹಾಡು ಎಲ್ಲೋ ಬಂದಿಖಾನೆಯಿಂದ ಬಂದ ಹಾಗಿರುತ್ತೆ. ದನಿಗಳು, ಆಜ್ಞೆಗಳು ಎಲ್ಲ ಬರುವುದು ಎಷ್ಟೋ ವರ್ಷಗಳಾದ ಮೇಲೆ.

1958ರಲ್ಲಿ ಜರ್ಮನಿಯ ಕ್ಲಾಸ್ ಕಾನ್ರಾಡ್ 'ಆರಂಭದ ಸ್ಕಿಜೋಫ್ರೇನಿಯಾ' ಅನ್ನುವ ಅರ್ಥದ ಹೆಸರಿನ ಪುಸ್ತಕ ಬರೆದ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿ ತಾನು ನೋಡಿದ 117 ಸೈನಿಕರ ವಿವರ ಅದಕ್ಕೆ ಆಧಾರ. ಮೊದಲ ಹಂತಕ್ಕೆ ಅವನು 'ಟ್ರೇಮಾ' ಅಂತ ಹೆಸರಿಟ್ಟ. ನಾಟಕದವರು ರಂಗಕ್ಕೆ ಹೋಗುವ ಮುಂಚಿನ ನಡುಕಕ್ಕೆ ಬಳಸುವ ಮಾತು ಅದು. ಏನೋ ಆಗಲಿದೆ, ಏನು ಅಂತ ಗೊತ್ತಿಲ್ಲ. ಸುಮ್ಮನೆ ಹಿನ್ನೆಲೆಯಲ್ಲಿ ಇರಬೇಕಾದ ವಸ್ತುಗಳು ಮುಂದೆ ಬಂದು ನಿಲ್ಲುತ್ತವೆ. ಎರಡನೇ ಹಂತದಲ್ಲಿ ಅವುಗಳಿಗೆಲ್ಲ ಅರ್ಥ ಹುಟ್ಟಿಕೊಳ್ಳುತ್ತೆ. ಆ ಕಾರು ಅಲ್ಲಿ ನಿಂತಿರುವುದು ನನಗೋಸ್ಕರವೇ!

ನಮ್ಮಲ್ಲಿ ಹಗ್ಗ ಹಾವಿನ ದೃಷ್ಟಾಂತ ಎಲ್ಲರಿಗೂ ಗೊತ್ತು. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುತ್ತೆ, ದೀಪ ತಂದರೆ ಹಗ್ಗವೇ. ಕಾನ್ರಾಡ್ ಬಣ್ಣಿಸಿದ ಸ್ಥಿತಿ ಅದಕ್ಕಿಂತ ಭಯಂಕರ. ದೀಪ ತಂದರೂ ಹಗ್ಗ ಹಗ್ಗವೇ, ಅವನಿಗೂ ಅದು ಗೊತ್ತು. ಆದರೆ ಹಗ್ಗ ಇವತ್ತು ಯಾಕೋ ಬೇರೆ ಥರ ಇದೆ. ಇದನ್ನು ಯಾರಿಗೆ, ಏನಂತ ಹೇಳುವುದು?

1961ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಮೆಕ್‌ಗೀ ಮತ್ತು ಜೇಮ್ಸ್ ಚಾಪ್‌ಮನ್ ಒಂದು ಸರಳ ಕೆಲಸ ಮಾಡಿದರು. ಕಾಯಿಲೆ ಹೊಸದಾಗಿ ಶುರುವಾದ 26 ಮಂದಿಯನ್ನು ಕೂರಿಸಿಕೊಂಡು, ನಿಮಗೆ ಏನು ಅನುಭವ ಆಗುತ್ತಿದೆ ಅಂತ ಕೇಳಿ, ಅವರ ಮಾತಿನಲ್ಲೇ ಬರೆದುಕೊಂಡರು. 1966ರಲ್ಲಿ ಚಾಪ್‌ಮನ್ 40 ಮಂದಿಯ ಮೇಲೆ ಇನ್ನೊಂದು ವಿವರವಾದ ಪ್ರಬಂಧ ಬರೆದ. ಕಣ್ಣಿನ ವಿಷಯ ಅಲ್ಲಿ ಧಾರಾಳವಾಗಿದೆ. ವಸ್ತುವನ್ನು ಇಡಿಯಾಗಿ ನೋಡಲಾಗದೆ ತುಂಡು ತುಂಡಾಗಿ ನೋಡಿ ತಲೆಯಲ್ಲಿ ಜೋಡಿಸಬೇಕಾಗುವುದು, ಎದುರಿಗೆ ಇರುವುದೆಲ್ಲ ಚಿತ್ರಪಟದ ಹಾಗೆ ಚಪ್ಪಟೆಯಾಗುವುದು, ರಸ್ತೆ ದಾಟುವಾಗ ಬರುವ ವಾಹನ ಎಷ್ಟು ದೂರ ಇದೆ ಅಂತ ಅಂದಾಜು ತಪ್ಪುವುದು. ಹೀಗಾಗಿ ಕೆಲವರು ತಲೆ ತಗ್ಗಿಸಿ, ಅಲುಗಾಡದೆ, ಒಂದು ಕಡೆ ಕೂತುಬಿಡುತ್ತಿದ್ದರು. ಹೊರಗಿನವರು ಅದಕ್ಕೆ 'ಮಂಕಾಗಿದ್ದಾನೆ' ಅನ್ನುತ್ತಿದ್ದರು. ಪ್ರಪಂಚ ತುಂಬ ಜಾಸ್ತಿಯಾಗಿ ನುಗ್ಗುತ್ತಿರುವಾಗ ಬಾಗಿಲು ಹಾಕಿಕೊಳ್ಳುವ ಉಪಾಯ ಅದು.

ಕೆನಡಾದ ಕಥೆಯೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಸಸ್ಕಾಚವಾನ್ ಪ್ರಾಂತ್ಯದಲ್ಲಿ ಹಂಫ್ರಿ ಆಸ್ಮಂಡ್ ಅನ್ನುವ ಮನೋವೈದ್ಯನ ಜೊತೆ ಕೆಲಸ ಮಾಡುತ್ತಿದ್ದ ಕಿಯೋಷಿ ಇಝುಮಿ ಅನ್ನುವ ಆರ್ಕಿಟೆಕ್ಟ್, ರೋಗಿಗಳ ಕಣ್ಣಿಗೆ ಆಸ್ಪತ್ರೆ ಹೇಗೆ ಕಾಣಬಹುದು ಅಂತ ತಿಳಿಯಲು 1950ರ ದಶಕದ ಕೊನೆಯಲ್ಲಿ ಎಲ್‌ಎಸ್‌ಡಿ ತೆಗೆದುಕೊಂಡು ಹಳೇ ಆಸ್ಪತ್ರೆಯಲ್ಲಿ ಓಡಾಡಿದ. ಉದ್ದನೆಯ ಕಾರಿಡಾರು ಮುಗಿಯುವುದೇ ಇಲ್ಲ ಅನ್ನಿಸಿತು. ಹೊಳೆಯುವ ಟೈಲ್ಸ್ ಕಣ್ಣಿಗೆ ಹಿಂಸೆ. ಬಾಗಿಲಿಲ್ಲದ ಗೋಡೆ ಕಪಾಟು ಕತ್ತಲೆ ಬಾವಿಯಂತೆ. 1960ರ ದಶಕದಲ್ಲಿ ಯಾರ್ಕ್‌ಟನ್‌ನಲ್ಲಿ ಅವನು ಕಟ್ಟಿದ ಆಸ್ಪತ್ರೆಯಲ್ಲಿ ಇಂಥದ್ದನ್ನೆಲ್ಲ ತಪ್ಪಿಸಲು ನೋಡಿದ. ವಿಧಾನದ ಬಗ್ಗೆ ನೀವು ಏನೇ ಹೇಳಿ, 'ಅವರಿಗೆ ಹೇಗೆ ಕಾಣುತ್ತೆ' ಅಂತ ಕೇಳಿಕೊಂಡ ಮನುಷ್ಯ ಅವನು.

*

ಇಲ್ಲಿ ಒಂದು ಸ್ವಂತ ವಿಷಯ ಹೇಳಬೇಕು. ಹೆಸರು, ಊರು ಬೇಡ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ಪಕ್ಕದ ರೂಮಿನವನು ಒಂದು ದಿನ ಹಲ್ಲುಜ್ಜುತ್ತಾ "ಮಾರಾಯ, ಈ ಕನ್ನಡಿ ಸರಿ ಇಲ್ಲ ಕಣೋ, ಮುಖದ ಒಂದು ಪಕ್ಕ ಜಾರಿದ ಹಾಗೆ ಕಾಣುತ್ತೆ" ಅಂದ. ಕನ್ನಡಿ ಸರಿಯಾಗೇ ಇತ್ತು. ಆಮೇಲೆ ಟ್ಯೂಬ್‌ಲೈಟ್ ಕಣ್ಣು ಚುಚ್ಚುತ್ತೆ ಅಂತ ಕತ್ತಲಲ್ಲೇ ಕೂರತೊಡಗಿದ. ಪುಸ್ತಕದ ಸಾಲುಗಳು ಅಲುಗಾಡುತ್ತವೆ ಅಂದ. ಮನೆಯವರು ಕಣ್ಣಿನ ಡಾಕ್ಟರಿಗೆ ತೋರಿಸಿದರು. ದೃಷ್ಟಿ ಸರಿ ಇದೆ ಅಂತ ಹೇಳಿ, ತೃಪ್ತಿಗೆ ಅಂತ ಒಂದು ಕಡಿಮೆ ಪವರಿನ ಕನ್ನಡಕ ಕೊಟ್ಟರು. ಊರಲ್ಲಿ ಅವರಮ್ಮ ಮೆಣಸಿನಕಾಯಿ ಉಪ್ಪು ನಿವಾಳಿಸಿ ದೃಷ್ಟಿ ತೆಗೆದರು. ಯಾರೂ ಅವನ ಕೇಡು ಬಯಸಿರಲಿಲ್ಲ, ಎಲ್ಲರೂ ತಮಗೆ ತಿಳಿದದ್ದನ್ನು ಮಾಡಿದರು. ಅವನಿಗೆ ಸರಿಯಾದ ಚಿಕಿತ್ಸೆ ಸಿಕ್ಕಿದ್ದು ಸುಮಾರು ಒಂದೂವರೆ ವರ್ಷದ ನಂತರ, ಮೆಸ್ಸಿನವರು ಊಟಕ್ಕೆ ಏನೋ ಹಾಕುತ್ತಿದ್ದಾರೆ ಅಂತ ಗಲಾಟೆ ಆದ ಮೇಲೆ. ಈಗ ಚೆನ್ನಾಗಿದ್ದಾನೆ, ಅಂಗಡಿ ನೋಡಿಕೊಳ್ಳುತ್ತಾನೆ, ಮಾತ್ರೆ ತಪ್ಪಿಸುವುದಿಲ್ಲ. ಆ ಡಿಗ್ರಿ ಮಾತ್ರ ಮುಗಿಯಲಿಲ್ಲ.

ಚಿಕಿತ್ಸೆ ಇಲ್ಲದೆ ಕಳೆಯುವ ಕಾಲ ಉದ್ದವಾದಷ್ಟೂ ಚೇತರಿಕೆ ಕಷ್ಟ ಅನ್ನುವುದನ್ನು ಎಷ್ಟೋ ದೇಶಗಳ ಅಧ್ಯಯನಗಳು ತೋರಿಸಿವೆ. ಆ ಒಂದೂವರೆ ವರ್ಷದ ಬೆಲೆ ಅದು.

*

ಜರ್ಮನಿಗೆ ವಾಪಸ್ ಹೋಗೋಣ. ಷ್ನೈಡರ್‌ನ ಶಿಷ್ಯನೇ ಆದ ಗೆರ್ಡ್ ಹ್ಯೂಬರ್, ಗುರುವಿನ ಪಟ್ಟಿಗೂ ಮುಂಚೆ ಏನಾಗುತ್ತೆ ಅಂತ ಹುಡುಕಲು ಹೊರಟ. ರೋಗಿಗೆ ಮಾತ್ರ ಗೊತ್ತಾಗುವ, ಹೊರಗಿನವರಿಗೆ ಕಾಣದ ಸೂಕ್ಷ್ಮ ತೊಂದರೆಗಳಿಗೆ 'ಮೂಲಲಕ್ಷಣಗಳು' ಅಂತ ಹೆಸರಿಟ್ಟ. 1987ರಲ್ಲಿ ಹ್ಯೂಬರ್, ಗಿಸೆಲಾ ಗ್ರಾಸ್ ಮತ್ತು ಸಂಗಡಿಗರು ಇವುಗಳನ್ನು ಕೇಳಿ ತಿಳಿಯಲು ಒಂದು ದೊಡ್ಡ ಪ್ರಶ್ನಾವಳಿಯನ್ನೇ ಪ್ರಕಟಿಸಿದರು. ಅದರಲ್ಲಿ ನೋಟಕ್ಕೇ ಒಂದು ಭಾಗ. ಮಂಜಾಗುವುದು, ವಸ್ತುವಿನ ಒಂದು ಪಾಲು ಮಾತ್ರ ಕಾಣುವುದು, ಚಿಕ್ಕದು ದೊಡ್ಡದಾಗುವುದು, ಆಕಾರ ಸೊಟ್ಟಗಾಗುವುದು, ಬಣ್ಣ ಬದಲಾಗುವುದು, ಬೇರೆಯವರ ಮುಖ ಅಥವಾ ತನ್ನದೇ ಮುಖ ಬದಲಾಗುವುದು, ನಿಂತದ್ದು ಅಲುಗಾಡುವುದು, ಕಣ್ಣು ತೆಗೆದ ಮೇಲೂ ನೋಡಿದ್ದು ಉಳಿಯುವುದು. ಇಲ್ಲಿ ಮುಖ್ಯವಾದ ಒಂದು ಅಂಶ ಇದೆ. ಈ ಹಂತದಲ್ಲಿ ಆ ವ್ಯಕ್ತಿಗೆ 'ಇದು ನನ್ನೊಳಗಿನ ತೊಂದರೆ, ಗೋಡೆ ನಿಜವಾಗಿ ಸರಿದಿಲ್ಲ' ಅನ್ನುವ ತಿಳಿವು ಇರುತ್ತೆ. ಕೇಳಿದರೆ ಹೇಳಬಲ್ಲ.

ಈ ಪ್ರಶ್ನೆಗಳಿಗೆ ನಿಜವಾಗಿ ಬೆಲೆ ಇದೆಯೇ ಅಂತ ನೋಡಿದ್ದು 2001ರಲ್ಲಿ ಪ್ರಕಟವಾದ ಕಲೋನ್ ಅಧ್ಯಯನ. ಯೋಆಖಿಮ್ ಕ್ಲೋಸ್ಟರ್‌ಕೋಟರ್ ಮತ್ತು ಸಂಗಡಿಗರು 160 ಮಂದಿಯನ್ನು ಸರಾಸರಿ 9.6 ವರ್ಷ ಹಿಂಬಾಲಿಸಿದರು. 79 ಮಂದಿಗೆ ಸ್ಕಿಜೋಫ್ರೇನಿಯಾ ಬಂತು. ಮೂಲಲಕ್ಷಣ ಇದ್ದವರಲ್ಲಿ ಸುಮಾರು 70% ಮಂದಿಗೆ ಬಂತು, ಒಂದೂ ಇಲ್ಲದವರಲ್ಲಿ ಹೆಚ್ಚುಕಡಿಮೆ ಯಾರಿಗೂ ಬರಲಿಲ್ಲ. ಇದರಿಂದ ಹುಟ್ಟಿದ ಅಪಾಯಸೂಚನೆಗಳ ಪಟ್ಟಿಯಲ್ಲಿ ನೋಟದ ತೊಂದರೆಗಳಿಗೂ ಜಾಗ ಸಿಕ್ಕಿತು. ಆದರೆ ಒಂದು ಎಚ್ಚರಿಕೆ. ಈ 160 ಮಂದಿ ಬೀದಿಯಲ್ಲಿ ಸಿಕ್ಕವರಲ್ಲ, ಆಗಲೇ ಏನೋ ತೊಂದರೆ ಅಂತ ತಜ್ಞರ ಬಳಿಗೆ ಬಂದವರು. 70% ಅನ್ನುವುದನ್ನು ಎಲ್ಲರಿಗೂ ಅನ್ವಯಿಸಿಕೊಂಡು ಹೆದರಬೇಡಿ.

ಅದೇ ಸುಮಾರಿಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಪ್ಯಾಟ್ರಿಕ್ ಮೆಕ್‌ಗೋರಿ, ಆಲಿಸನ್ ಯಂಗ್ ಮುಂತಾದವರು 1994ರಲ್ಲಿ ಅಪಾಯದಂಚಿನ ಯುವಕ ಯುವತಿಯರಿಗಾಗಿಯೇ ಒಂದು ಕ್ಲಿನಿಕ್ ತೆರೆದಿದ್ದರು. ಇಂಥವರಲ್ಲಿ ಎಷ್ಟು ಮಂದಿಗೆ ಕೊನೆಗೆ ಸೈಕೋಸಿಸ್ ಬರುತ್ತೆ? 2012ರಲ್ಲಿ ಹಲವು ದೇಶಗಳ ಅಧ್ಯಯನ ಒಟ್ಟುಗೂಡಿಸಿದಾಗ ಎರಡು ವರ್ಷಕ್ಕೆ 29%, ಮೂರು ವರ್ಷಕ್ಕೆ 36% ಅಂತ ಬಂತು. ನಂತರದ ಲೆಕ್ಕಗಳು ಇನ್ನೂ ಕಡಿಮೆ. ಅಂದರೆ ಹೆಚ್ಚಿನವರಿಗೆ ಬರುವುದಿಲ್ಲ. 2013ರ ಡಿಎಸ್‌ಎಂ ಐದನೇ ಆವೃತ್ತಿಗೆ ಈ 'ಅಪಾಯ ಸ್ಥಿತಿ'ಯನ್ನೇ ಒಂದು ಕಾಯಿಲೆಯಾಗಿ ಸೇರಿಸಬೇಕೇ ಅಂತ ದೊಡ್ಡ ಜಗಳ ನಡೆದು, ಕೊನೆಗೆ 'ಇನ್ನೂ ಅಧ್ಯಯನ ಬೇಕು' ಅನ್ನುವ ಭಾಗಕ್ಕೆ ಹಾಕಿದರು. ಬರದೇ ಹೋಗಬಹುದಾದ ಕಾಯಿಲೆಯ ಹಣೆಪಟ್ಟಿಯನ್ನು ಹದಿನೆಂಟರ ಹುಡುಗಿಗೆ ಅಂಟಿಸಿ ಮಾತ್ರೆ ಕೊಡುವುದು ನ್ಯಾಯವೇ ಅನ್ನುವುದು ವಿರೋಧಿಸಿದವರ ಪ್ರಶ್ನೆ. ನನಗೂ ಅದು ಸರಿಯಾದ ಪ್ರಶ್ನೆ ಅನ್ನಿಸುತ್ತೆ.

*

ಇಷ್ಟಕ್ಕೂ ಕಣ್ಣಿನಲ್ಲಿ ನಡೆಯುವುದು ಏನು? ಕಣ್ಣು ಕ್ಯಾಮೆರಾ ಅಲ್ಲ. ಬರುವ ಅರೆಬರೆ ಬೆಳಕಿಗೆ ಮೆದುಳು ತನ್ನ ಹಳೇ ಅನುಭವ ಸೇರಿಸಿ ಚಿತ್ರ ಪೂರ್ತಿ ಮಾಡುತ್ತೆ. ಈ ಎರಡರ ಲೆಕ್ಕಾಚಾರ ಏರುಪೇರಾಗುತ್ತೆ ಅನ್ನುವುದು ಇವತ್ತಿನ ಮುಖ್ಯ ವಾದ.

ಮುಖವಾಡವನ್ನು ಹಿಂದಿನಿಂದ, ಅದರ ಗುಳಿಯ ಕಡೆಯಿಂದ ನೋಡಿದರೆ ನಮಗೆಲ್ಲ ಅದು ಉಬ್ಬಿದ ಮುಖವಾಗಿಯೇ ಕಾಣುತ್ತೆ. ಯಾಕೆಂದರೆ ಮುಖ ಅಂದರೆ ಉಬ್ಬಿರುತ್ತೆ ಅಂತ ಮೆದುಳಿಗೆ ಗೊತ್ತು. 2009ರಲ್ಲಿ ಡನಾಯ್ ದಿಮಾ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಇರುವ 13 ಮಂದಿ, ಇಲ್ಲದ 16 ಮಂದಿಯ ಮೇಲೆ ಇದನ್ನು ಪ್ರಯೋಗಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಆರೋಗ್ಯವಂತರು ಮೋಸ ಹೋದರು, ರೋಗಿಗಳು ಗುಳಿಯನ್ನು ಗುಳಿಯಾಗಿಯೇ ಕಂಡರು. ಅಂದರೆ ಹಳೇ ಅನುಭವದ ತೂಕ ಅವರಲ್ಲಿ ಕಡಿಮೆ.

ಇಷ್ಟೇ ಆಗಿದ್ದರೆ ಕಥೆ ಸರಳವಾಗುತ್ತಿತ್ತು. 2015ರಲ್ಲಿ ಬ್ರಿಟನ್ನಿನ ಕ್ರಿಸ್ಟೋಫ್ ಟಾಯ್ಫೆಲ್, ಪಾಲ್ ಫ್ಲೆಚರ್ ತಂಡದವರು ಸೈಕೋಸಿಸ್‌ನ ಮೊದಲ ಸುಳಿವು ಕಂಡ 18 ಮಂದಿಗೆ ಕಪ್ಪು ಬಿಳುಪಿನ ಮಚ್ಚೆಗಳಂಥ ಚಿತ್ರ ತೋರಿಸಿದರು. ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಅದರ ಮೂಲ ಬಣ್ಣದ ಫೋಟೋ ತೋರಿಸಿ, ಮತ್ತೆ ಮಚ್ಚೆಗಳನ್ನು ತೋರಿಸಿ, ಇದರಲ್ಲಿ ಮನುಷ್ಯ ಇದ್ದಾನಾ ಅಂತ ಕೇಳಿದರು. ಫೋಟೋ ನೋಡಿದ ಮೇಲೆ ಎಲ್ಲರೂ ಸುಧಾರಿಸಿದರು, ಆದರೆ ಅಪಾಯದಂಚಿನವರು ಆರೋಗ್ಯವಂತರಿಗಿಂತ ಹೆಚ್ಚು ಸುಧಾರಿಸಿದರು! ಅಂದರೆ ಇಲ್ಲಿ ಹಳೇ ತಿಳಿವಿನ ತೂಕ ಜಾಸ್ತಿ. ಎರಡೂ ಹೇಗೆ ಸರಿ? ಕಾಯಿಲೆಯ ಹಂತ ಬೇರೆ ಇರಬಹುದು, ಮೆದುಳಿನ ಬೇರೆ ಬೇರೆ ಮಟ್ಟದಲ್ಲಿ ಬೇರೆ ಬೇರೆ ಲೆಕ್ಕ ನಡೆಯಬಹುದು ಅಂತ ಸಂಶೋಧಕರು ಈಗಲೂ ಚರ್ಚಿಸುತ್ತಿದ್ದಾರೆ.

ಇನ್ನೊಂದು ಬಹಳ ಓಡಾಡುವ ಸುದ್ದಿ: 'ಹುಟ್ಟು ಕುರುಡರಿಗೆ ಸ್ಕಿಜೋಫ್ರೇನಿಯಾ ಬರುವುದೇ ಇಲ್ಲ'. ಇದಕ್ಕೆ ಆಧಾರವಾಗಿ ಹೇಳುವುದು ಪಶ್ಚಿಮ ಆಸ್ಟ್ರೇಲಿಯಾದ 2018ರ ಅಧ್ಯಯನ. 1980ರಿಂದ 2001ರವರೆಗೆ ಹುಟ್ಟಿದ 4,67,945 ಮಕ್ಕಳಲ್ಲಿ 1,870 ಮಂದಿಗೆ ಸ್ಕಿಜೋಫ್ರೇನಿಯಾ ಬಂತು. ಮೆದುಳಿನ ದೃಷ್ಟಿಭಾಗದ ತೊಂದರೆಯಿಂದ ಕುರುಡಾದ 66 ಮಕ್ಕಳಲ್ಲಿ ಒಬ್ಬರಿಗೂ ಬರಲಿಲ್ಲ. ಓದಿದರೆ ರೋಮಾಂಚನ ಆಗುತ್ತೆ. ಆದರೆ ಲೆಕ್ಕ ಹಾಕಿ ನೋಡಿ. ಸಾಮಾನ್ಯ ಪ್ರಮಾಣ 0.4%. ಆ ಲೆಕ್ಕದಲ್ಲಿ 66 ಮಂದಿಯಲ್ಲಿ ಕಾಲು ಮನುಷ್ಯನಿಗೆ ಬರಬೇಕಿತ್ತು! ಸೊನ್ನೆ ಬಂದಿದ್ದರಿಂದ ಸಾಬೀತಾಗುವುದು ಕಡಿಮೆ. ಸುಳಿವು ಇರಬಹುದು, ತೀರ್ಪಂತೂ ಅಲ್ಲ.

*

ಇದನ್ನೆಲ್ಲ ಓದಿ "ಅಯ್ಯೋ, ನನಗೂ ಮೊನ್ನೆ ಗೋಡೆ ಅಲುಗಾಡಿತ್ತು" ಅಂತ ಗಾಬರಿ ಆಗಬೇಡಿ. ನಿದ್ದೆಗೆಟ್ಟಾಗ, ಜ್ವರದಲ್ಲಿ, ಮೈಗ್ರೇನಿನಲ್ಲಿ ಎಲ್ಲರಿಗೂ ಹೀಗಾಗಬಹುದು. ವಸ್ತುಗಳು ಚಿಕ್ಕದು ದೊಡ್ಡದಾಗಿ ಕಾಣುವುದಕ್ಕೆ ಜಾನ್ ಟಾಡ್ ಅನ್ನುವ ವೈದ್ಯ 1955ರಲ್ಲಿ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಹೆಸರನ್ನೇ ಇಟ್ಟಿದ್ದಾನೆ, ಅದು ಹೆಚ್ಚಾಗಿ ಮೈಗ್ರೇನ್, ಸೋಂಕುಗಳ ಜೊತೆ ಬರುವಂಥದ್ದು. ದೃಷ್ಟಿ ಕಳೆದುಕೊಂಡ ವಯಸ್ಸಾದವರಿಗೆ ಇಲ್ಲದ ಜನ, ವಿನ್ಯಾಸಗಳು ಕಾಣಬಹುದು ಅಂತ ಷಾರ್ಲ್ ಬೊನೆ 1760ರಲ್ಲೇ ಬರೆದಿದ್ದ, ಅವರ ಬುದ್ಧಿ ನೆಟ್ಟಗೇ ಇರುತ್ತೆ. ಫಿಟ್ಸ್, ಕಣ್ಣಿನ ನರದ ಕಾಯಿಲೆ, ಗಾಂಜಾ ಇವೂ ಕಾರಣ ಆಗಬಹುದು. ಆದ್ದರಿಂದ ಕಣ್ಣಿನ ಡಾಕ್ಟರಿಗೆ ತೋರಿಸುವುದು ಸರಿಯಾದ ಮೊದಲ ಹೆಜ್ಜೆಯೇ. ಅಲ್ಲಿ ಎಲ್ಲ ಸರಿ ಇದೆ ಅಂದಾಗ 'ಹಾಗಾದರೆ ನಿನಗೆ ಏನೂ ಇಲ್ಲ' ಅಂತ ಮುಗಿಸಿಬಿಡುತ್ತೇವಲ್ಲ, ತೊಂದರೆ ಇರುವುದು ಅಲ್ಲಿ. ನಿದ್ದೆ ಕಡಿಮೆ, ಜನರಿಂದ ದೂರ, ಓದಿನಲ್ಲಿ ಹಿಂದೆ ಬೀಳುವುದು, ವಿನಾಕಾರಣ ಅನುಮಾನ ಇವೂ ಜೊತೆಗಿದ್ದರೆ ಇನ್ನೊಂದು ಬಾಗಿಲು ತಟ್ಟಬೇಕು.

ನಮ್ಮಲ್ಲಿ ಆ ಬಾಗಿಲು ಇಲ್ಲದಿಲ್ಲ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಅಲ್ಲಿನವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹಳ್ಳಿ ಹಳ್ಳಿಗೆ ಹೋಗಿ, ವರ್ಷಗಟ್ಟಲೆ ಚಿಕಿತ್ಸೆ ಇಲ್ಲದೆ ಉಳಿದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿ ಔಷಧಿ ಕೊಟ್ಟ ಕೆಲಸ ದೊಡ್ಡದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಗೆ 14416 ಒತ್ತಿದರೆ ಸಾಕು, ಕನ್ನಡದಲ್ಲೇ ಮಾತಾಡಬಹುದು. ಬರವಣಿಗೆಯಲ್ಲೂ ನಾವು ಬಡವರಲ್ಲ. 'ಕೊರವಂಜಿ'ಯಿಂದ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರಿಗೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 'ಮನಮಂಥನ' ಅನ್ನುವ ಮನೋರೋಗಗಳ ಪುಸ್ತಕಕ್ಕೆ. ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಎಷ್ಟು ಮನೆಗಳಿಗೆ ಧೈರ್ಯ ಕೊಟ್ಟಿವೆಯೋ ಲೆಕ್ಕವಿಲ್ಲ.

ಕೊರತೆ ಇರುವುದು ಮಾತಿನದು ಅನ್ನಿಸುತ್ತೆ ನನಗೆ. ಜರ್ಮನಿಯವರ ಪ್ರಶ್ನಾವಳಿಯನ್ನು ಕನ್ನಡಕ್ಕೆ ಪದಶಃ ತಂದರೆ ನಮ್ಮ ಹಳ್ಳಿ ಹುಡುಗನಿಗೆ ಏನೂ ಅರ್ಥವಾಗದು. "ನಿಮಗೆ ದೃಶ್ಯಗ್ರಹಣದಲ್ಲಿ ವ್ಯತ್ಯಯವಿದೆಯೇ?" ಅಂದರೆ ಅವನು ಇಲ್ಲ ಅಂತಾನೆ. "ಕಣ್ಣು ಮಂಜಾಗುತ್ತೆ" ಅಂದರೆ ನಾವು ಪೊರೆ ಅಂದುಕೊಳ್ಳುತ್ತೇವೆ. "ಯಾರೋ ಕಣ್ಕಟ್ಟು ಮಾಡಿದ ಹಾಗಿದೆ" ಅಂದರೆ ಮಾಟದ ಕಡೆ ತಿರುಗುತ್ತೇವೆ. "ಎಲ್ಲ ಪರದೆ ಮೇಲೆ ನೋಡಿದ ಹಾಗಿದೆ" ಅಂದರೆ ಸಿನಿಮಾ ಜಾಸ್ತಿಯಾಯಿತು ಅನ್ನುತ್ತೇವೆ. ಹೇಳುವವನ ಬಳಿ ಇರುವುದು ಇಷ್ಟೇ ಮಾತು. ಚಾಪ್‌ಮನ್ ಮಾಡಿದ ಹಾಗೆ ಎದುರು ಕೂತು, "ಹಾಗಂದ್ರೆ ಹೇಗೆ? ಇನ್ನೊಂದ್ ಸ್ವಲ್ಪ ಬಿಡಿಸಿ ಹೇಳು" ಅಂತ ಕೇಳುವುದಕ್ಕೆ ಯಂತ್ರ ಬೇಡ, ಡಿಗ್ರಿಯೂ ಬೇಡ. ಅಕ್ಕನೋ, ಹಾಸ್ಟೆಲಿನ ಗೆಳೆಯನೋ, ಮೇಷ್ಟ್ರೋ ಕೇಳಬಹುದು.

ಓದುಗರಲ್ಲಿ ಡಾಕ್ಟರುಗಳಿದ್ದರೆ, ಸಂಶೋಧನೆ ಮಾಡುವವರಿದ್ದರೆ ಇದಕ್ಕೆ ಸೇರಿಸುವುದು, ತಿದ್ದುವುದು ಇದ್ದೇ ಇರುತ್ತೆ, ದಯವಿಟ್ಟು ಬರೆಯಿರಿ. ಮತ್ತೆ, ನಿಮ್ಮ ಊರ ಕಡೆ ಇಂಥ ಅನುಭವಕ್ಕೆ ಬಳಸುವ ಮಾತುಗಳಿದ್ದರೆ ಕಾಮೆಂಟಿನಲ್ಲಿ ಹಾಕಿ. ಧಾರವಾಡದ ಕಡೆ ಏನಂತಾರೆ, ಕುಂದಾಪುರದಲ್ಲಿ ಏನಂತಾರೆ, ಕೋಲಾರದಲ್ಲಿ ಏನಂತಾರೆ? ಒಂದು ಪಟ್ಟಿ ಮಾಡಿ ಇಟ್ಟುಕೊಂಡರೆ ಕೇಳುವವರಿಗೆ ಯಾವತ್ತಾದರೂ ಉಪಯೋಗಕ್ಕೆ ಬರಬಹುದು.